ಕುಕ್ಕರ್ ಯಾಕೆ ಕೂಗುತ್ತೆ? ಅಡುಗೆಮನೆಯಲ್ಲೊಂದು ಕನ್ನಡದ ವಿಜ್ಞಾನ ಪಾಠ

ಜನವರಿಯ ಒಂದು ಸಂಜೆ. ಜರ್ಸಿ ಸಿಟಿಯ ಜರ್ನಲ್ ಸ್ಕ್ವೇರ್ ಹತ್ತಿರದ ನಮ್ಮ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಮೂರು ಸದ್ದು ಒಟ್ಟಿಗೆ ಕೇಳಿಸುತ್ತಿದ್ದವು. ಒಲೆಯ ಮೇಲೆ ಕುಕ್ಕರ್ ಕೂಗುತ್ತಿತ್ತು. ಪಕ್ಕದಲ್ಲಿ ಇಡ್ಲಿ ಪಾತ್ರೆಯ ನೀರು ಕೊತಕೊತ ಕುದಿಯುತ್ತಿತ್ತು. ಲಿವಿಂಗ್ ರೂಮಿನ ಮೂಲೆಯಲ್ಲಿ ರೇಡಿಯೇಟರ್ ಬುಸ್ ಎನ್ನುತ್ತಿತ್ತು. ನಾಲ್ಕನೇ ಗ್ರೇಡಿನ ಮಗಳು ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆಯುತ್ತಾ ಕೇಳಿದಳು: "ಅಮ್ಮ, ಹೊರಗೆ ಮಳೆ ಬರ್ತಿಲ್ಲ. ಮತ್ತೆ ಕಿಟಕಿ ಒಳಗಡೆ ಯಾಕೆ ಒದ್ದೆ ಆಗಿದೆ?"

ಪ್ರಶ್ನೆ ಕನ್ನಡದಲ್ಲಿ ಬಂದಿತ್ತು. ಉತ್ತರವನ್ನೂ ನಾನು ಕನ್ನಡದಲ್ಲೇ ಶುರು ಮಾಡಿದೆ. "ನೋಡು ಪುಟ್ಟಿ, ಇಡ್ಲಿ ಪಾತ್ರೆಯಿಂದ ಹಬೆ ಬರ್ತಿದೆಯಲ್ಲ..." ಅಷ್ಟೇ. ಎರಡನೇ ವಾಕ್ಯಕ್ಕೆ ನನಗೇ ತಿಳಿಯದಂತೆ ವೇಪರ್, ಕಂಡೆನ್ಸೇಷನ್ ಎಂದು ಪೂರ್ತಿ ಇಂಗ್ಲಿಷಿಗೆ ಜಾರಿದ್ದೆ. ಮಗಳೂ ನನ್ನ ಹಿಂದೆಯೇ ಇಂಗ್ಲಿಷಿಗೆ ಬಂದಳು. ಆಮೇಲೆ ಮನೆಯಲ್ಲಿ ಕನ್ನಡ ಕೇಳಿಸಿದ್ದು "ಕೈ ತೊಳ್ಕೊಂಡು ಊಟಕ್ಕೆ ಬಾ" ಎಂದು ಕರೆದಾಗಲೇ.

ಕೆಲವು ದಿನಗಳ ನಂತರ ಅವಳು ಸಹಜವಾಗಿ ಒಂದು ಮಾತು ಹೇಳಿದಳು: "ಕನ್ನಡದಲ್ಲಿ ಸೈನ್ಸ್ ಇರಲ್ಲ ಅಲ್ವಾ ಅಮ್ಮ?" ಅದರಲ್ಲಿ ದೂರೇನೂ ಇರಲಿಲ್ಲ, ತಾನು ಕಂಡದ್ದನ್ನು ಹೇಳಿದ್ದಳು. ತಪ್ಪು ನನ್ನದಾಗಿತ್ತು. ನಮ್ಮ ಮನೆಯಲ್ಲಿ ಕನ್ನಡವೆಂದರೆ ಹಲ್ಲುಜ್ಜು, ಶೂ ಹಾಕ್ಕೋ, ಮೊಸರನ್ನ ತಿನ್ನು ಎಂದಾಗಿಬಿಟ್ಟಿತ್ತು. "ಯಾಕೆ?" ಎಂಬ ಪ್ರಶ್ನೆ ಬಂದ ಕೂಡಲೇ ನಾವು ಭಾಷೆ ಬದಲಿಸುತ್ತಿದ್ದೆವು. ವಿವರಿಸಲು, ವಾದಿಸಲು, ಅಚ್ಚರಿಪಡಲು ಬಳಸದ ಭಾಷೆಯಲ್ಲಿ ಮಗು ದೊಡ್ಡವಳಾದ ಮೇಲೆ ಏನು ಮಾತಾಡೀತು?

ಹಾಗಾಗಿ ಆ ಕಿಟಕಿಯ ಪ್ರಶ್ನೆಗೆ ಮತ್ತೆ ಮೊದಲಿಂದ, ಕನ್ನಡದಲ್ಲಿ ಉತ್ತರ ಹೇಳಲು ಕೂತೆ. ಕಾಲೇಜಿನ ಪುಸ್ತಕಗಳಲ್ಲಿ ಇದಕ್ಕೆ ವೇಪರ್-ಲಿಕ್ವಿಡ್ ಈಕ್ವಿಲಿಬ್ರಿಯಂ ಎಂಬ ಭಾರದ ಹೆಸರಿದೆ. ಕನ್ನಡದಲ್ಲಿ ಆವಿ ಮತ್ತು ದ್ರವದ ಸಮತೋಲನ ಎನ್ನಬಹುದು. ಕುಕ್ಕರ್, ಕಿಟಕಿ, ರೇಡಿಯೇಟರ್, ಮೈಸೂರು ಪಾಕ್, ಗಂಧದ ಸಾಬೂನು ಎಲ್ಲದರ ಹಿಂದೆಯೂ ಇರುವುದು ಇದೇ ವಿಷಯ. ನಿಮ್ಮ ಮಕ್ಕಳಿಗೂ ಹೇಳಲು ಅನುಕೂಲವಾಗಲಿ ಎಂದು ಇಲ್ಲಿ ಬರೆದಿದ್ದೇನೆ.

ಮೊದಲು, ನಮ್ಮಲ್ಲಿ ಇರುವ ಮಾತುಗಳು

ಪಾರಿಭಾಷಿಕ ಪದಗಳಿಗಾಗಿ ನಿಘಂಟು ಹುಡುಕುವ ಮೊದಲು ಮನೆಯಲ್ಲಿ ಆಡುವ ಮಾತುಗಳನ್ನೇ ಕೇಳಿಸಿಕೊಳ್ಳಿ. ನೀರು ಕಾಯುತ್ತದೆ, ಕುದಿಯುತ್ತದೆ, ಮರಳುತ್ತದೆ. ಸಾರು ಬತ್ತುತ್ತದೆ. ಬಟ್ಟೆ ಒಣಗುತ್ತದೆ. ಮಣ್ಣಿನಲ್ಲಿ ನೀರು ಇಂಗುತ್ತದೆ. ಬತ್ತಿದ ನೀರು, ಒಣಗಿದ ನೀರು ಆವಿಯಾಗಿ ಗಾಳಿಗೆ ಹೋಯಿತು. ಇಂಗಿದ ನೀರು ನೆಲಕ್ಕಿಳಿಯಿತು. ನೀರು ಎಲ್ಲಿಗೆ ಹೋಯಿತು ಎಂಬುದನ್ನು ಕ್ರಿಯಾಪದವೇ ಹೇಳುತ್ತದೆ. ವಾಟರ್ ಸೈಕಲ್ ಪಾಠ ಓದುತ್ತಿರುವ ಮಗುವಿಗೆ ಇಷ್ಟನ್ನು ತೋರಿಸಿದರೂ ಕಣ್ಣರಳುತ್ತದೆ.

ಹೆಸರುಗಳೂ ಹಾಗೆಯೇ. ಆವಿ, ಹಬೆ, ಉಗಿ, ಮಂಜು, ಇಬ್ಬನಿ. ಇಲ್ಲೊಂದು ಸೂಕ್ಷ್ಮವಿದೆ, ಮಕ್ಕಳಿಗೆ ಹೇಳಲೇಬೇಕು. ನೀರಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಇಡ್ಲಿ ಪಾತ್ರೆಯ ಮೇಲೆ ಬೆಳ್ಳಗೆ ಕಾಣುವುದು ಆವಿ ತಣ್ಣಗಾಗಿ ಮತ್ತೆ ನೀರಾದ ಸಣ್ಣ ಸಣ್ಣ ಹನಿಗಳು. ಕೆಟಲ್‌ನ ಮೂತಿಯನ್ನು ದೂರದಿಂದ ಗಮನಿಸಿ ನೋಡಿ. ಮೂತಿಗೆ ತಾಗಿದ ಸ್ವಲ್ಪ ಜಾಗ ಖಾಲಿ ಇದ್ದಂತೆ ಕಾಣುತ್ತದೆ, ಬಿಳಿ ಶುರುವಾಗುವುದು ಅದರಾಚೆ. ಆ ಖಾಲಿ ಜಾಗದಲ್ಲಿರುವುದೇ ನಿಜವಾದ ಆವಿ.

ಹೋಗುವಷ್ಟೇ ಬರುವುದು

ಒಂದು ಗಾಜಿನ ಬಾಟಲಿಗೆ ಅರ್ಧ ನೀರು ತುಂಬಿ ಬಿಗಿಯಾಗಿ ಮುಚ್ಚಿ ಇಡಿ. ನೀರಿನ ಕಣಗಳು ಸುಮ್ಮನೆ ಕೂರುವುದಿಲ್ಲ. ಕೆಲವು ಜೋರಾಗಿ ಓಡಾಡುವ ಕಣಗಳು ನೀರಿನಿಂದ ಮೇಲೆ ಹಾರಿ ಆವಿಯಾಗುತ್ತವೆ. ಮೇಲಿರುವ ಆವಿಯ ಕಣಗಳಲ್ಲಿ ಕೆಲವು ಮತ್ತೆ ನೀರಿಗೆ ಬೀಳುತ್ತವೆ. ಮೊದಮೊದಲು ಹಾರುವವರು ಹೆಚ್ಚು, ಬೀಳುವವರು ಕಡಿಮೆ. ಮೇಲೆ ಜನಸಂದಣಿ ಹೆಚ್ಚಿದಂತೆ ಬೀಳುವವರೂ ಹೆಚ್ಚುತ್ತಾರೆ. ಒಂದು ಹೊತ್ತಿಗೆ ಹಾರುವಷ್ಟೇ ಜನ ಬೀಳುತ್ತಾರೆ. ಅಲ್ಲಿಂದ ಮುಂದೆ ಹೊರಗಿನಿಂದ ನೋಡಿದರೆ ಏನೂ ಬದಲಾಗುತ್ತಿಲ್ಲ ಎನಿಸುತ್ತದೆ. ಇದೇ ಸಮತೋಲನ.

ಮಗಳಿಗೆ ಇದನ್ನು ಹೇಳುವಾಗ ನೆನಪಾದದ್ದು ನ್ಯೂಆರ್ಕ್ ಅವೆನ್ಯೂದ ಇಂಡಿಯಾ ಸ್ಕ್ವೇರ್. ದೀಪಾವಳಿಯ ಹಿಂದಿನ ದಿನ ಅಲ್ಲಿನ ಅಂಗಡಿಯೊಳಗೆ ಯಾವಾಗ ನೋಡಿದರೂ ಜನ ಅಷ್ಟೇ ಇರುತ್ತಾರೆ. ಆದರೆ ಅದೇ ಜನ ಇರುವುದಿಲ್ಲ. ಇಬ್ಬರು ಸಿಹಿ ಡಬ್ಬಿ ಹಿಡಿದು ಹೊರಬಂದರೆ ಇಬ್ಬರು ಒಳಹೋಗುತ್ತಾರೆ. "ಓ, ನಿಂತಿಲ್ಲ, ಆದ್ರೆ ಸಮ ಇದೆ" ಎಂದಳು. ತಕ್ಕಡಿಯ ಸಮತೋಲನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ತಕ್ಕಡಿ ನಿಂತುಬಿಡುತ್ತದೆ. ಇದು ನಡೆಯುತ್ತಲೇ ಸಮವಾಗಿರುತ್ತದೆ.

ಹೀಗೆ ಸಮತೋಲನದಲ್ಲಿರುವ ಆವಿ ಸುತ್ತಲೂ ಒತ್ತುವ ಬಲವೇ ಆವಿಯ ಒತ್ತಡ. ಇದರ ಬಗ್ಗೆ ಅಚ್ಚರಿಯ ಸಂಗತಿಯೊಂದಿದೆ: ಬಾಟಲಿಯಲ್ಲಿ ಒಂದು ಚಮಚ ನೀರಿದ್ದರೂ ಅಷ್ಟೇ, ಒಂದು ಲೀಟರ್ ಇದ್ದರೂ ಅಷ್ಟೇ. ಶುದ್ಧ ನೀರಿಗೆ ಆವಿಯ ಒತ್ತಡವನ್ನು ತೀರ್ಮಾನಿಸುವುದು ಬಿಸಿ ಮಾತ್ರ. ಜರ್ಸಿ ಸಿಟಿ ಸಮುದ್ರಮಟ್ಟದ ಊರು. ಇಲ್ಲಿನ ಗಾಳಿಯ ಒತ್ತಡವನ್ನು 100 ಪಾಲು ಎಂದುಕೊಳ್ಳಿ. ಆಗ ನೀರಿನ ಆವಿಯ ಒತ್ತಡ ಹೀಗಿರುತ್ತದೆ:

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2.3 ಪಾಲು
60 ಡಿಗ್ರಿಯಲ್ಲಿ ಸುಮಾರು 20 ಪಾಲು
80 ಡಿಗ್ರಿಯಲ್ಲಿ ಸುಮಾರು 47 ಪಾಲು
97 ಡಿಗ್ರಿಯಲ್ಲಿ ಸುಮಾರು 90 ಪಾಲು
100 ಡಿಗ್ರಿಯಲ್ಲಿ 100 ಪಾಲು
120 ಡಿಗ್ರಿಯಲ್ಲಿ ಸುಮಾರು 196 ಪಾಲು

ಬಿಸಿ ಏರಿದಂತೆ ಒತ್ತಡ ಒಂದೇ ಸಮನೆ ಏರುವುದಿಲ್ಲ, ಜಿಗಿಜಿಗಿದು ಏರುತ್ತದೆ. ಈ ಪುಟ್ಟ ಪಟ್ಟಿಯನ್ನು ಫ್ರಿಜ್ ಮೇಲೆ ಅಂಟಿಸಿಡಿ. ಇನ್ನು ಮುಂದಿನ ಪ್ರಶ್ನೆಗಳಿಗೆಲ್ಲ ಉತ್ತರ ಇದರಲ್ಲೇ ಸಿಗುತ್ತದೆ.

ಅಜ್ಜಿಯ ಮನೆಯ ನೀರು, ನಮ್ಮ ಮನೆಯ ನೀರು

ನೀರು ಕುದಿಯುವುದು ಎಂದರೇನು? ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ನೀರಿನ ಒಳಗಡೆಯೇ ಆವಿಯ ಗುಳ್ಳೆಗಳು ಹುಟ್ಟಿ ಉಳಿಯಬಲ್ಲವು. ಅದಕ್ಕಿಂತ ಮೊದಲು ಹುಟ್ಟುವ ಗುಳ್ಳೆಯನ್ನು ಗಾಳಿ ಅಮುಕಿಬಿಡುತ್ತದೆ. ನಮ್ಮಲ್ಲಿ ಗಾಳಿಯದು 100 ಪಾಲು, ಹಾಗಾಗಿ ನೀರು 100 ಡಿಗ್ರಿಗೆ ಕುದಿಯುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮೇಲಿನಿಂದ ಒತ್ತುವ ಗಾಳಿ ಸುಮಾರು 90 ಪಾಲು ಮಾತ್ರ. ಪಟ್ಟಿ ನೋಡಿ: 90 ಪಾಲಿಗೆ 97 ಡಿಗ್ರಿ. ಅಂದರೆ ಬೆಂಗಳೂರಿನ ಅಜ್ಜಿಯ ಮನೆಯಲ್ಲಿ ಕೊತಕೊತ ಕುದಿಯುವ ನೀರು ನಮ್ಮ ಮನೆಯ ಕುದಿಯುವ ನೀರಿಗಿಂತ ಮೂರು ಡಿಗ್ರಿ ತಣ್ಣಗಿರುತ್ತದೆ. ಉರಿ ಎಷ್ಟು ಜೋರು ಮಾಡಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು, ಬೇಗ ಬತ್ತುತ್ತದೆ ಅಷ್ಟೇ. ಬೇಳೆ ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿದರೆ ಬೇಯುವುದು ತಡವಾಗುವುದಿಲ್ಲ, ಕುದಿ ನಿಲ್ಲದಿದ್ದರೆ ಸಾಕು. ಗ್ಯಾಸ್ ಮಾತ್ರ ಉಳಿಯುತ್ತದೆ.

ಕುಕ್ಕರ್ ಕೂಗುವ ಗುಟ್ಟು

ನೀರನ್ನು 100 ಡಿಗ್ರಿ ದಾಟಿಸಬೇಕಾದರೆ ಅದರ ಮೇಲಿನ ಒತ್ತಡ ಹೆಚ್ಚಿಸಬೇಕು. ಈ ಉಪಾಯವನ್ನು ಫ್ರಾನ್ಸಿನ ಡೆನಿಸ್ ಪಾಪಾಂ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತೋರಿಸಿದ. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಮೂಳೆಗಳನ್ನು ಮೆತ್ತಗೆ ಬೇಯಿಸಿದ್ದ. ಆ ಪಾತ್ರೆ ಒಡೆಯದಂತೆ ಸುರಕ್ಷತೆಯ ಕವಾಟವನ್ನೂ ಅವನೇ ಮಾಡಿದ.

ನಮ್ಮ ಊರಿನಿಂದ ಹೊತ್ತು ತಂದ ಕುಕ್ಕರಿನ ವೆಯ್ಟ್ ಸಾಮಾನ್ಯವಾಗಿ ಹೊರಗಿನ ಒತ್ತಡದ ಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ತಡೆಯುವಂತೆ ಇರುತ್ತದೆ. ಅಂದರೆ ಒಳಗೆ ಸುಮಾರು 197 ಪಾಲು. ಪಟ್ಟಿಯಲ್ಲಿ ಅದಕ್ಕೆ 120 ಡಿಗ್ರಿ. ಒತ್ತಡ ಅದನ್ನು ಮೀರಿದ ಕೂಡಲೇ ಆವಿ ವೆಯ್ಟನ್ನು ಎತ್ತಿ ನುಗ್ಗುತ್ತದೆ. ಅದೇ ಕೂಗು. ಕುಕ್ಕರ್ ಕೂಗಿದಾಗ ಒಳಗೆ ಬಿಸಿ ಇಷ್ಟಾಗಿದೆ ಎಂದು ಥರ್ಮಾಮೀಟರ್ ಇಲ್ಲದೆಯೇ ಗೊತ್ತಾಯಿತು. ಬೆಂಗಳೂರಿನಲ್ಲಿ ಇದೇ ಕುಕ್ಕರ್ 187 ಪಾಲಿಗೆ ಕೂಗುತ್ತದೆ, ಅಂದರೆ ಸುಮಾರು 118 ಡಿಗ್ರಿ ದಾಟಿದಾಗ. ತೆರೆದ ಪಾತ್ರೆಯಲ್ಲಿದ್ದ ಮೂರು ಡಿಗ್ರಿಯ ಅಂತರ ಇಲ್ಲಿ ಒಂದೂವರೆಗೆ ಇಳಿಯುತ್ತದೆ. ಇಲ್ಲಿನ ಮನೆಗಳಲ್ಲಿರುವ ಇನ್‌ಸ್ಟಂಟ್ ಪಾಟ್ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಒತ್ತಡದಲ್ಲಿ, 115ರಿಂದ 118 ಡಿಗ್ರಿಯಲ್ಲಿ ಬೇಯಿಸುತ್ತದೆ. ಕಡಲೆಕಾಳಿಗೆ ಅದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬೇಕಾಗುವುದು ಅದಕ್ಕೇ.

ಅಮ್ಮಂದಿರು ಹೇಳುವ ಇನ್ನೊಂದು ಮಾತು ನೆನಪಿದೆಯೇ? "ಹಬೆ ಚೆನ್ನಾಗಿ ಬಂದ ಮೇಲೇ ವೆಯ್ಟ್ ಹಾಕು." ಇದರ ಹಿಂದೆಯೂ ಲೆಕ್ಕವಿದೆ. ಕುಕ್ಕರ್ ಮುಚ್ಚಿದಾಗ ಒಳಗೆ ಗಾಳಿಯೂ ಇರುತ್ತದೆ. ಅದನ್ನು ಹೊರಹಾಕದೆ ವೆಯ್ಟ್ ಹಾಕಿದರೆ ಒಟ್ಟು ಒತ್ತಡದಲ್ಲಿ ಒಂದಿಷ್ಟು ಗಾಳಿಯ ಪಾಲಾಗುತ್ತದೆ. ನೀರಿನ ಬಿಸಿ ಹೊಂದಿಕೊಳ್ಳುವುದು ಆವಿಯ ಪಾಲಿಗೆ ಮಾತ್ರ. ಒಳಗಿನ ಒತ್ತಡದಲ್ಲಿ ಕಾಲು ಭಾಗ ಗಾಳಿಯದಾದರೆ, 120 ಡಿಗ್ರಿ ಇರಬೇಕಾದದ್ದು 111ರ ಆಸುಪಾಸಿಗೆ ಇಳಿಯುತ್ತದೆ. ಕುಕ್ಕರ್ ಕೂಗುತ್ತದೆ, ಬೇಳೆ ಮಾತ್ರ ಗಟ್ಟಿ. ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್‌ನಿಂದ ಮೊದಲು ಗಾಳಿ ಹೊರಹಾಕುವುದೂ ಇದೇ ಕಾರಣಕ್ಕೆ.

ಒತ್ತಡ ಪೂರ್ತಿ ಇಳಿಯುವ ಮೊದಲು ಮುಚ್ಚಳ ತೆಗೆಯಬಾರದು ಎಂಬುದಕ್ಕೂ ಮಕ್ಕಳಿಗೆ ಕಾರಣ ಹೇಳಿ. ಒಳಗಿನ 120 ಡಿಗ್ರಿಯ ನೀರು 100 ಪಾಲಿನ ಗಾಳಿಗೆ ಏಕಾಏಕಿ ತೆರೆದುಕೊಂಡರೆ ಅದು ಆ ಬಿಸಿಯಲ್ಲಿ ದ್ರವವಾಗಿ ಉಳಿಯಲಾರದು. ಒಂದಿಷ್ಟು ಕ್ಷಣದಲ್ಲೇ ಆವಿಯಾಗಿ ಸಿಡಿಯುತ್ತದೆ. ಬರೀ "ಮುಟ್ಬೇಡ" ಎನ್ನುವುದಕ್ಕಿಂತ ಕಾರಣ ಗೊತ್ತಿದ್ದರೆ ಮಗು ಹೆಚ್ಚು ಎಚ್ಚರವಾಗಿರುತ್ತದೆ.

ಬೆವರುವ ಕಿಟಕಿ, ಬುಸ್ ಎನ್ನುವ ರೇಡಿಯೇಟರ್

ಈಗ ಮಗಳ ಮೊದಲ ಪ್ರಶ್ನೆಗೆ ಬರೋಣ. ಇಡ್ಲಿ ಬೇಯುವಾಗ ಅಡುಗೆಮನೆಯ ಗಾಳಿಗೆ ಬೇಕಾದಷ್ಟು ಆವಿ ಸೇರುತ್ತದೆ. ಕೋಣೆಯ ಬೆಚ್ಚಗಿನ ಗಾಳಿ ಅದನ್ನು ಇಟ್ಟುಕೊಳ್ಳಬಲ್ಲದು. ಆದರೆ ಜನವರಿಯ ಚಳಿಗೆ ತಣ್ಣಗಾದ ಗಾಜಿನ ಹತ್ತಿರ ಸಮತೋಲನವೇ ಬೇರೆ. ಅಲ್ಲಿ ನೀರಿನಿಂದ ಹಾರುವವರು ತೀರಾ ಕಡಿಮೆ, ಬಂದು ಬೀಳುವವರು ಹೆಚ್ಚು. ಬಿದ್ದವರು ಅಲ್ಲೇ ಉಳಿದು ಹನಿಯಾಗುತ್ತಾರೆ. ಮಲೆನಾಡಿನಲ್ಲಿ ಬೆಳಗಿನ ಹೊತ್ತು ಹುಲ್ಲಿನ ಮೇಲೆ ಕೂರುವ ಇಬ್ಬನಿಯೂ ಇದೇ. "ಹಾಗಾದ್ರೆ ನಮ್ಮ ಕಿಟಕಿ ಮೇಲೆ ಇಬ್ಬನಿ ಬಿದ್ದಿದೆ" ಎಂದಳು ಮಗಳು. ಹೌದು, ಅಷ್ಟೇ.

ಇದರ ಇನ್ನೊಂದು ಮುಖ ಚಳಿಗಾಲದ ಒಣಗಾಳಿ. ಹೊರಗೆ ಸೊನ್ನೆ ಡಿಗ್ರಿ ಇದ್ದಾಗ ಗಾಳಿ ಹೆಚ್ಚೆಂದರೆ 0.6 ಪಾಲು ಆವಿ ಹೊತ್ತಿರಬಲ್ಲದು. ಅದೇ ಗಾಳಿ ಮನೆಯೊಳಗೆ ಬಂದು 21 ಡಿಗ್ರಿಗೆ ಬೆಚ್ಚಗಾದಾಗ ಸುಮಾರು 2.5 ಪಾಲು ಹೊರಬಲ್ಲದು. ಇರುವುದು ಅದರ ಕಾಲು ಭಾಗ ಮಾತ್ರ. ತುಟಿ ಒಡೆಯುವುದು, ಮಕ್ಕಳ ಮೂಗಿನಲ್ಲಿ ರಕ್ತ ಬರುವುದು, ಒಗೆದ ಬಟ್ಟೆ ರಾತ್ರಿ ಕಳೆಯುವುದರೊಳಗೆ ಒಣಗುವುದು ಎಲ್ಲ ಈ ಬಾಕಿ ಮುಕ್ಕಾಲು ಭಾಗದ ದಾಹದಿಂದಲೇ.

ನಮ್ಮಂಥ ಹಳೆಯ ಕಟ್ಟಡಗಳಲ್ಲಿ ನೆಲಮಾಳಿಗೆಯ ಬಾಯ್ಲರ್‌ನಿಂದ ಉಗಿ ಪೈಪುಗಳಲ್ಲಿ ಮೇಲೇರಿ ರೇಡಿಯೇಟರ್‌ಗೆ ಬರುತ್ತದೆ. ಬುಸ್ ಎನ್ನುವುದು ಒಳಗಿದ್ದ ಗಾಳಿ. ಉಗಿ ಅದನ್ನು ಮುಂದೆ ತಳ್ಳುತ್ತಾ ಬರುತ್ತದೆ, ಸಣ್ಣ ಕವಾಟದಿಂದ ಗಾಳಿ ಹೊರಹೋಗುತ್ತದೆ, ಉಗಿಯ ಬಿಸಿ ತಾಗಿದೊಡನೆ ಕವಾಟ ಮುಚ್ಚಿಕೊಳ್ಳುತ್ತದೆ. ಕುಕ್ಕರಿಗೆ ವೆಯ್ಟ್ ಹಾಕುವ ಕ್ರಮವೇ ಇಲ್ಲೂ ನಡೆದಿದೆ. ಒಳಗೆ ಉಗಿ ಮತ್ತೆ ನೀರಾಗುವಾಗ ತಾನು ಹೊತ್ತು ತಂದ ಶಾಖವನ್ನೆಲ್ಲ ಕೋಣೆಗೆ ಕೊಡುತ್ತದೆ. ಆ ನೀರು ಪೈಪಿನಲ್ಲಿ ವಾಪಸು ಇಳಿಯುತ್ತದೆ. ಇಳಿಯಲು ಸರಿಯಾದ ಇಳಿಜಾರಿಲ್ಲದೆ ಎಲ್ಲೋ ನಿಂತುಬಿಟ್ಟರೆ, ಉಗಿ ಅದನ್ನು ಎತ್ತಿ ಪೈಪಿಗೆ ಅಪ್ಪಳಿಸುತ್ತದೆ. ನಡುರಾತ್ರಿ ಢಣ್ ಢಣ್ ಎಂದು ಮಕ್ಕಳನ್ನು ಎಬ್ಬಿಸುವುದು ಅದೇ. ಹಡ್ಸನ್ ನದಿಯಾಚೆ ಮ್ಯಾನ್‌ಹಟನ್‌ನಲ್ಲಿ 1882ರಿಂದ ಬೀದಿಗಳ ಅಡಿಯ ಕೊಳವೆಗಳಲ್ಲಿ ಇದೇ ಉಗಿಯನ್ನು ಕಟ್ಟಡಗಳಿಗೆ ಮಾರಲಾಗುತ್ತಿದೆ.

ಉಗಿ ಹೊತ್ತ ಶಾಖ ಸಣ್ಣದೇನಲ್ಲ. ಒಂದು ಲೀಟರ್ ನೀರನ್ನು 20ರಿಂದ 100 ಡಿಗ್ರಿಗೆ ಕಾಯಿಸಲು ಬೇಕಾದ ಶಾಖದ ಸುಮಾರು 6.7 ಪಟ್ಟು ಅದನ್ನು ಪೂರ್ತಿ ಆವಿ ಮಾಡಲು ಬೇಕು. ಅಷ್ಟೂ ಹೊತ್ತು ಥರ್ಮಾಮೀಟರ್ ಮಾತ್ರ 100ರಲ್ಲೇ ನಿಂತಿರುತ್ತದೆ. ಶಾಖ ಒಳಹೋಗುತ್ತಿದೆ, ಆದರೆ ಬಿಸಿಯಾಗಿ ಕಾಣುತ್ತಿಲ್ಲ. ಕನ್ನಡದ ಪಠ್ಯಪುಸ್ತಕಗಳು ಇದನ್ನು ಗುಪ್ತೋಷ್ಣ ಎನ್ನುತ್ತವೆ: ಗುಪ್ತವಾಗಿರುವ ಉಷ್ಣ. ಬಿಡಿಸಿ ಹೇಳಿದರೆ ಪದವೇ ಪಾಠ. ಇಡ್ಲಿ ಬೇಯುವುದು ಈ ಗುಪ್ತೋಷ್ಣದಿಂದ. ಬಿಸಿನೀರಿಗಿಂತ ಹಬೆ ತಾಗಿದರೆ ಹೆಚ್ಚು ಸುಡುವುದೂ ಅದರಿಂದಲೇ. ಇಡ್ಲಿ ಪಾತ್ರೆಯ ಮುಚ್ಚಳವನ್ನು ಮೈಯಿಂದ ಆಚೆಗೆ ಓರೆ ಮಾಡಿ ತೆಗೆಯುವುದನ್ನು ಮಕ್ಕಳಿಗೆ ಕಲಿಸಿ.

ಒಂದೆಳೆ ಪಾಕದ ಲೆಕ್ಕ

ಇಲ್ಲಿಯವರೆಗೆ ಬರೀ ನೀರು. ನೀರಿಗೆ ಬೇರೆ ಏನಾದರೂ ಬೆರೆತರೆ?

ಸಕ್ಕರೆಯನ್ನೇ ತೆಗೆದುಕೊಳ್ಳಿ. ಸಕ್ಕರೆ ಕಣಗಳು ಆವಿಯಾಗಿ ಹಾರುವುದಿಲ್ಲ. ಆದರೆ ನೀರಿನ ಕಣಗಳ ನಡುವೆ ಜಾಗ ಹಿಡಿದು ಕೂರುತ್ತವೆ. ಹಾರಬಲ್ಲವರ ಪಾಲು ಕಡಿಮೆಯಾದ್ದರಿಂದ ಆವಿಯ ಒತ್ತಡವೂ ಇಳಿಯುತ್ತದೆ. ಅದನ್ನು ಮತ್ತೆ 100 ಪಾಲಿಗೆ ತರಲು ಹೆಚ್ಚು ಕಾಯಿಸಬೇಕು. ಆದ್ದರಿಂದ ಸಕ್ಕರೆ ನೀರು 100 ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ. ಬೆರಕೆಯಲ್ಲಿ ಯಾವುದರ ಪಾಲು ಎಷ್ಟೋ ಅದರ ಆವಿಯ ಒತ್ತಡವೂ ಅಷ್ಟರಮಟ್ಟಿಗೆ ಎಂಬ ಈ ನಿಯಮವನ್ನು 1880ರ ದಶಕದಲ್ಲಿ ಕಂಡುಕೊಂಡವರು ಫ್ರಾನ್ಸಿನ ಫ್ರಾಂಸ್ವಾ-ಮರಿ ರಾವುಲ್. ಪಾಕದಂಥ ಗಟ್ಟಿ ದ್ರಾವಣಕ್ಕೆ ಅದು ಅಂದಾಜು ಮಾತ್ರ, ಆದರೆ ದಿಕ್ಕು ಅದೇ. ಒಂದು ಲೀಟರ್ ನೀರಿಗೆ ಎರಡು ಚಿಕ್ಕ ಚಮಚ ಉಪ್ಪು ಹಾಕಿದರೆ ಕುದಿಬಿಂದು ಏರುವುದು ಸುಮಾರು 0.2 ಡಿಗ್ರಿ ಮಾತ್ರ. ಹಾಗಾಗಿ ಉಪ್ಪು ರುಚಿಗಷ್ಟೇ.

ಪಾಕದ ಕಥೆ ಬೇರೆ. ಅದು ಕುದಿದಂತೆ ನೀರು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ, ಕುದಿಬಿಂದು ಏರುತ್ತಲೇ ಹೋಗುತ್ತದೆ. ಅಂದರೆ ಕುದಿಯುವ ಪಾಕದ ಬಿಸಿ ನೋಡಿದರೆ ಅದರಲ್ಲಿ ಸಕ್ಕರೆ ಎಷ್ಟಿದೆ ಎಂದು ಹೇಳಬಹುದು. ಇಲ್ಲಿನ ಅಡುಗೆ ಪುಸ್ತಕಗಳು ಥ್ರೆಡ್ ಎಂದು ಕರೆಯುವ ಹದ, ನಮ್ಮ ಎಳೆ ಪಾಕಕ್ಕೆ ಹತ್ತಿರದ್ದು, ಸುಮಾರು 110 ಡಿಗ್ರಿ. ಆಗ ಪಾಕದಲ್ಲಿ ಸಕ್ಕರೆ ಶೇ. 80ರಷ್ಟಿರುತ್ತದೆ. ಉಂಡೆ ಕಟ್ಟುವ ಹದ 112ರಿಂದ 116 ಡಿಗ್ರಿ, ಸಕ್ಕರೆ ಶೇ. 85. ಎರಡು ಬೆರಳ ನಡುವೆ ಎಳೆ ಎಳೆದು ನೋಡುವ ಅಜ್ಜಿ ಥರ್ಮಾಮೀಟರ್ ಇಲ್ಲದೆ ಅಳೆಯುತ್ತಿದ್ದದ್ದು ಇದನ್ನೇ.

ಒಂದು ಎಚ್ಚರಿಕೆ: ಈ ಅಂಕಿಗಳು ಸಮುದ್ರಮಟ್ಟದ ಊರುಗಳಿಗೆ. ಬೆಂಗಳೂರಿನಲ್ಲಿ ಅದೇ ಹದ ಸುಮಾರು ಮೂರು ಡಿಗ್ರಿ ಕೆಳಗೇ ಬರುತ್ತದೆ. ಕ್ಯಾಂಡಿ ಥರ್ಮಾಮೀಟರ್ ನಂಬಿ ಅಲ್ಲಿ 110ಕ್ಕೆ ಕಾದರೆ ಪಾಕ ಏರಿಹೋಗಿರುತ್ತದೆ. ಬೆರಳಿನ ಎಳೆಗೆ ಈ ತೊಂದರೆ ಇಲ್ಲ. ಅದು ಬಿಸಿಯನ್ನಲ್ಲ, ಸಕ್ಕರೆಯ ಪಾಲನ್ನೇ ನೇರವಾಗಿ ಅಳೆಯುತ್ತದೆ, ಎಲ್ಲ ಊರಿನಲ್ಲೂ ಸರಿ.

ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರು ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ಮಾಡಿದರು ಎಂದು ಹೇಳುವ ಮೈಸೂರು ಪಾಕ್‌ನಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ಪಾಕ ಮತ್ತು ಕಡಲೆಹಿಟ್ಟಿನ ಮೇಲೆ ಕಾದ ತುಪ್ಪ ಸುರಿದಾಗ ನೊರೆಯುಕ್ಕುತ್ತದೆ. ತುಪ್ಪದ ಬಿಸಿಗೆ ಪಾಕದಲ್ಲಿ ಉಳಿದಿದ್ದ ನೀರು ತಟ್ಟನೆ ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಆರಿದ ಮೇಲೆ ಆ ಗುಳ್ಳೆಗಳ ಗುರುತೇ ಒಳಗಿನ ಗೂಡು ಗೂಡು.

ಟರ್ನ್‌ಪೈಕ್‌ನ ಗೋಪುರ, ಮೈಸೂರಿನ ಗಂಧ

ಬೆರೆತ ಎರಡೂ ವಸ್ತುಗಳು ಆವಿಯಾಗಬಲ್ಲವಾದರೆ? ಆಗ ಬೇಗ ಹಾರುವ ಗುಣವುಳ್ಳದ್ದು ಆವಿಯಲ್ಲಿ ಹೆಚ್ಚು ಪಾಲು ಪಡೆಯುತ್ತದೆ. ಆ ಆವಿಯನ್ನು ತಣಿಸಿ ದ್ರವ ಮಾಡಿದರೆ ಅದು ಮೊದಲಿಗಿಂತ ಬೇರೆ ಬೆರಕೆ. ಅದನ್ನು ಮತ್ತೆ ಕಾಯಿಸಿ, ಮತ್ತೆ ತಣಿಸಿ, ಹೀಗೆ ಹಲವು ಸಲ ಮಾಡಿದರೆ ಎರಡೂ ಹೆಚ್ಚುಕಡಿಮೆ ಬೇರೆಯಾಗುತ್ತವೆ. ಬಟ್ಟಿ ಇಳಿಸುವುದು ಎಂದರೆ ಇದೇ.

ನ್ಯೂಜೆರ್ಸಿ ಟರ್ನ್‌ಪೈಕ್‌ನಲ್ಲಿ ಎಡಿಸನ್ ಕಡೆಗೆ ಹೋಗುವಾಗ ಲಿಂಡನ್ ಹತ್ತಿರ ಎತ್ತರದ ಉಕ್ಕಿನ ಗೋಪುರಗಳು ಕಾಣುತ್ತವೆ. ಅದು 1909ರಲ್ಲಿ ಶುರುವಾದ ಬೇವೇ ತೈಲ ಸಂಸ್ಕರಣಾಗಾರ. ಅಂಥ ಗೋಪುರದ ತಳದಲ್ಲಿ ಬಿಸಿ ಹೆಚ್ಚು, ತುದಿಯಲ್ಲಿ ಕಡಿಮೆ. ಒಳಗೆ ಒಂದರ ಮೇಲೊಂದು ತಟ್ಟೆಗಳು, ನಮ್ಮ ಇಡ್ಲಿ ಸ್ಟ್ಯಾಂಡಿನ ಹಾಗೆ. ಮೇಲೇರುವ ಆವಿಯೂ ಕೆಳಗಿಳಿಯುವ ದ್ರವವೂ ಪ್ರತಿ ತಟ್ಟೆಯಲ್ಲಿ ಭೇಟಿಯಾಗಿ ಕಣಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹಗುರ ಗ್ಯಾಸೋಲಿನ್ ಮೇಲಕ್ಕೆ, ಡೀಸೆಲ್ ನಡುವಿಗೆ, ಡಾಂಬರಿನಂಥದ್ದು ತಳಕ್ಕೆ. ಕಾರಿನ ಹಿಂದಿನ ಸೀಟಿನಿಂದ "ಅಲ್ಲಿ ನೋಡಮ್ಮ, ದೊಡ್ಡ ಇಡ್ಲಿ ಸ್ಟ್ಯಾಂಡ್" ಎಂಬ ಕೂಗು ನಮಗೀಗ ರೂಢಿಯಾಗಿದೆ.

ಜರ್ಸಿ ಸಿಟಿಯ ನದಿದಂಡೆಯಲ್ಲಿ ಮ್ಯಾನ್‌ಹಟನ್‌ಗೆ ಮುಖ ಮಾಡಿ ನಿಂತ 50 ಅಡಿ ಅಗಲದ ಕಾಲ್ಗೇಟ್ ಗಡಿಯಾರವನ್ನು ನೀವು ನೋಡಿರುತ್ತೀರಿ. 1924ರ ಆ ಗಡಿಯಾರ ಇಲ್ಲಿದ್ದ ಕಾಲ್ಗೇಟ್ ಸಾಬೂನು ಕಾರ್ಖಾನೆಯ ಗುರುತು. ಕಾರ್ಖಾನೆ 1980ರ ದಶಕದಲ್ಲಿ ಹೋಯಿತು, ಗಡಿಯಾರ ಉಳಿಯಿತು. ಅದರ ಮುಂದೆ ನಿಂತು ಮಗಳಿಗೆ ನಮ್ಮೂರಿನ ಸಾಬೂನಿನ ಕಥೆ ಹೇಳಿದೆ.

1914ರಲ್ಲಿ ಮಹಾಯುದ್ಧ ಶುರುವಾದಾಗ ಮೈಸೂರಿನ ಶ್ರೀಗಂಧದ ಮರಕ್ಕೆ ಯೂರೋಪಿನ ಮಾರುಕಟ್ಟೆ ತಪ್ಪಿಹೋಯಿತು. ಅದುವರೆಗೆ ಮರ ಅಲ್ಲಿಗೆ ಹೋಗಿ ಎಣ್ಣೆಯಾಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವ್ಯಾಟ್ಸನ್ ಎಣ್ಣೆಯನ್ನು ಇಲ್ಲೇ ತೆಗೆಯುವ ಕೆಲಸ ಮಾಡಿದರು. ನಾಲ್ವಡಿಯವರ, ದಿವಾನ್ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ 1916-17ರ ಹೊತ್ತಿಗೆ ಗಂಧದೆಣ್ಣೆಯ ಕಾರ್ಖಾನೆ ಬಂತು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾಯಿತು. ಮೈಸೂರ್ ಸ್ಯಾಂಡಲ್ ಸೋಪಿನ ಹಿಂದೆ ಎಸ್. ಜಿ. ಶಾಸ್ತ್ರಿಯವರ ದುಡಿಮೆಯಿದೆ.

ಗಂಧದೆಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್ ಕುದಿಯುವುದು 300 ಡಿಗ್ರಿಯ ಆಸುಪಾಸಿನಲ್ಲಿ. ಅಷ್ಟು ಕಾಯಿಸಿದರೆ ಪರಿಮಳ ಕೆಡುತ್ತದೆ. ಆದ್ದರಿಂದ ಮರದ ಚೇಗನ್ನು ಪುಡಿ ಮಾಡಿ ಅದರ ಮೂಲಕ ಉಗಿ ಹಾಯಿಸುತ್ತಾರೆ. ಎಣ್ಣೆಗೂ ನೀರಿಗೂ ಬೆರೆಯುವ ಸ್ವಭಾವವಿಲ್ಲ. ಬೆರೆಯದವರು ತಮ್ಮ ತಮ್ಮ ಆವಿಯ ಒತ್ತಡವನ್ನು ಪೂರ್ತಿ ಕೊಡುತ್ತಾರೆ, ಎರಡೂ ಕೂಡಿ 100 ಪಾಲಾದರೆ ಸಾಕು. ನೀರು ಬಹುಪಾಲು ಕೊಡುತ್ತದೆ, ಎಣ್ಣೆ ತನ್ನ ಚೂರು ಪಾಲು ಸೇರಿಸುತ್ತದೆ. ಹೀಗೆ 100 ಡಿಗ್ರಿಯ ಒಳಗೇ ಎಣ್ಣೆ ಉಗಿಯ ಜೊತೆ ಹೊರಬರುತ್ತದೆ. ತಣಿಸಿದರೆ ನೀರಿನ ಮೇಲೆ ತೇಲುತ್ತದೆ. ಎಣ್ಣೆಯ ಪಾಲು ತೀರಾ ಸಣ್ಣದಾದ್ದರಿಂದ ದಿನಗಟ್ಟಲೆ ಉಗಿ ಹಾಯಿಸಬೇಕಾಗುತ್ತದೆ. ಇಂಡಿಯಾ ಸ್ಕ್ವೇರ್ ಅಂಗಡಿಯಲ್ಲಿ ಆ ಸಾಬೂನಿನ ಡಬ್ಬಿ ಕಂಡಾಗ ಮಕ್ಕಳಿಗೆ ಇಷ್ಟು ಹೇಳಿ ನೋಡಿ.

ಮನೆಯಲ್ಲಿ ಮಾಡಬಹುದಾದವು

ಮೊದಲನೆಯದು: ಒಂದೇ ಅಳತೆಯ ಎರಡು ಲೋಟಗಳಿಗೆ ಒಂದೇ ಮಟ್ಟಕ್ಕೆ ನೀರು ತುಂಬಿ, ಒಂದನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ. ಒಂದು ವಾರ ಗುರುತು ಹಾಕುತ್ತಾ ಬನ್ನಿ. ತೆರೆದದ್ದು ಇಳಿಯುತ್ತದೆ, ಮುಚ್ಚಿದ್ದು ಇಳಿಯುವುದಿಲ್ಲ. ಯಾಕೆ ಎಂದು ಮಗುವೇ ಹೇಳಲಿ.

ಎರಡನೆಯದು: ಮಕ್ಕಳಿಗೆ ಔಷಧಿ ಕುಡಿಸುವ ಸೂಜಿಯಿಲ್ಲದ ಪ್ಲಾಸ್ಟಿಕ್ ಸಿರಿಂಜಿಗೆ ನಲ್ಲಿಯ ಬಿಸಿನೀರನ್ನು ಸ್ವಲ್ಪ ಎಳೆದುಕೊಳ್ಳಿ. ಗಾಳಿ ಹೊರಹಾಕಿ, ತುದಿಯನ್ನು ಬೆರಳಿನಿಂದ ಮುಚ್ಚಿ, ಹಿಡಿಯನ್ನು ಜೋರಾಗಿ ಹಿಂದಕ್ಕೆಳೆಯಿರಿ. ಕೈ ಸುಡದಷ್ಟು ಬಿಸಿಯ ನೀರು ಕುದಿಯುತ್ತದೆ. ಮೊದಲ ಗುಳ್ಳೆಗಳಲ್ಲಿ ನೀರಿನಲ್ಲಿ ಕರಗಿದ್ದ ಗಾಳಿಯೂ ಇರುತ್ತದೆ. ಕುಕ್ಕರಿನಲ್ಲಿ ಒತ್ತಡ ಏರಿಸಿದೆವು, ಇಲ್ಲಿ ಇಳಿಸಿದೆವು.

ಮೂರನೆಯದು ದೊಡ್ಡವರ ಜೊತೆ: ಕುದಿಯುವ ನೀರಿನ ಬಿಸಿಯನ್ನು ಅಡುಗೆಯ ಥರ್ಮಾಮೀಟರ್‌ನಿಂದ ಅಳೆದು ಬರೆದಿಡಿ. ಊರಿಗೆ ಹೋಗುವಾಗ ಅದೇ ಥರ್ಮಾಮೀಟರ್ ಸೂಟ್‌ಕೇಸಿನಲ್ಲಿರಲಿ.

ಭಾಷೆಯ ಬಗ್ಗೆ ನಾನು ಕಲಿತದ್ದು ಎರಡೇ. ಶಾಲೆಯ ಇಂಗ್ಲಿಷ್ ಪದವನ್ನು ಓಡಿಸಬೇಕಿಲ್ಲ. "ಕಂಡೆನ್ಸೇಷನ್ ಅಂದ್ರೆ ಆವಿ ಮತ್ತೆ ಹನಿಯಾಗೋದು" ಎಂದು ಪಕ್ಕದಲ್ಲೇ ಕನ್ನಡ ಇಟ್ಟರೆ ಸಾಕು, ವಾಕ್ಯ ಮಾತ್ರ ಕನ್ನಡದಲ್ಲೇ ಮುಗಿಯಲಿ. ಮತ್ತೆ, ನನಗೆ ಪದ ತೋಚದಿದ್ದಾಗ "ನಂಗೆ ಗೊತ್ತಿಲ್ಲ, ಅಜ್ಜಿನ ಕೇಳೋಣ" ಎಂದುಬಿಡುತ್ತೇನೆ. ಹಾಗೆ ಮಾಡಿದ ಫೋನುಗಳಿಂದ ನಮ್ಮ ಮನೆಗೆ ಬಂದ ಮಾತುಗಳು ಬಹಳ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿಗೆ ಹೋದಾಗ ಮಗಳು ಅಜ್ಜಿಯ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಥರ್ಮಾಮೀಟರ್ ಹಿಡಿದಳು. ಮುಳ್ಳು 97ರಲ್ಲಿ ನಿಂತಿತು. "ಅಜ್ಜಿ, ಇಲ್ಲಿ ಮೇಲಿಂದ ಒತ್ತೋ ಗಾಳಿ ಕಮ್ಮಿ, ಅದಕ್ಕೆ ನೀರು ಬೇಗ ಕುದಿಯುತ್ತೆ. ಆದ್ರೆ ನಮ್ಮನೆ ನೀರಿನಷ್ಟು ಬಿಸಿ ಇರಲ್ಲ" ಎಂದು ಒಂದೂ ಇಂಗ್ಲಿಷ್ ಪದವಿಲ್ಲದೆ ಹೇಳಿದಳು. ಆಮೇಲೆ ಗಾಳಿ ಹೊರಗೆ ಹೋದ ಮೇಲೇ ಯಾಕೆ ವೆಯ್ಟ್ ಹಾಕಬೇಕು ಎಂಬುದನ್ನೂ ವಿವರಿಸಿದಳು. ಅಮ್ಮ ಪೂರ್ತಿ ಕೇಳಿಸಿಕೊಂಡರು.

"ಐವತ್ತು ವರ್ಷದಿಂದ ಹಾಗೇ ಹಾಕ್ತಿದೀನಿ ಕಂದ. ಯಾಕೆ ಅಂತ ಇವತ್ತು ಗೊತ್ತಾಯ್ತು" ಎಂದರು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಇಬ್ಬರೂ ಒಟ್ಟಿಗೆ ಒಂದು ಎಂದು ಎಣಿಸಿದರು.